ಬಲವೋ, ಶಕ್ತಿಯೋ, ಸಂವೇಗವೋ: ಯಾವ ಲೆಕ್ಕಕ್ಕೆ ಯಾವ ದಾರಿ?

ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ಸೂತ್ರಗಳೆಲ್ಲ ಬಾಯಿಪಾಠ ಆದ ಮೇಲೂ ಲೆಕ್ಕ ಬರುವುದಿಲ್ಲ ಅನ್ನುವ ಮಕ್ಕಳು ಬಹಳ. ಕೇಳಿ ನೋಡಿ. ಎಫ್ ಈಕ್ವಲ್ಸ್ ಎಂ ಎ ಗೊತ್ತು, ಚಲನ ಶಕ್ತಿ ಅಂದರೆ ಹಾಫ್ ಎಂ ವಿ ಸ್ಕ್ವೇರ್ ಅನ್ನುವುದು ಗೊತ್ತು, ಸಂವೇಗ ಅಂದರೆ ಎಂ ವಿ, ಅಂದರೆ ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದ್ದು ಅನ್ನುವುದೂ ಗೊತ್ತು. ಹೊಸ ಲೆಕ್ಕ ಎದುರಿಗೆ ಬಂದಾಗ ಈ ಮೂರರಲ್ಲಿ ಯಾವುದಕ್ಕೆ ಕೈ ಹಾಕಬೇಕು ಅನ್ನುವಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಪಠ್ಯಪುಸ್ತಕ ಓದುವಾಗ ಈ ಕಷ್ಟ ಗೊತ್ತಾಗುವುದೇ ಇಲ್ಲ. ಅಧ್ಯಾಯದ ಹೆಸರೇ ದಾರಿ ಹೇಳಿಬಿಡುತ್ತದೆ. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಯಾವ ಪ್ರಶ್ನೆಯ ಮೇಲೂ ಅಧ್ಯಾಯದ ಹೆಸರು ಇರುವುದಿಲ್ಲ.

ಈ ಮೂರು ದಾರಿಗಳನ್ನು ಪಕ್ಕಪಕ್ಕ ಇಟ್ಟು, ಯಾವುದು ಎಲ್ಲಿ ಗೆಲ್ಲುತ್ತದೆ, ಎಲ್ಲಿ ಕೈಕೊಡುತ್ತದೆ ಅಂತ ಇಲ್ಲಿ ನೋಡೋಣ. ನನ್ನ ಮಟ್ಟಿಗೆ ಆಯ್ಕೆಯ ಗುಟ್ಟು ಒಂದೇ ಪ್ರಶ್ನೆಯಲ್ಲಿದೆ: ಲೆಕ್ಕದಲ್ಲಿ ಬಲ ಎಷ್ಟು ಹೊತ್ತು ಕೆಲಸ ಮಾಡಿತು ಅಂತ ಗೊತ್ತಿದೆಯಾ, ಇಲ್ಲ ಎಷ್ಟು ದೂರ ಕೆಲಸ ಮಾಡಿತು ಅಂತ ಗೊತ್ತಿದೆಯಾ? ಬಲವನ್ನು ಕಾಲದಿಂದ ಗುಣಿಸಿದರೆ ಸಂವೇಗದಲ್ಲಿ ಆದ ಬದಲಾವಣೆ ಸಿಗುತ್ತದೆ. ಅದೇ ಬಲವನ್ನು, ಅದರ ದಿಕ್ಕಿನಲ್ಲಿ ಸಾಗಿದ ದೂರದಿಂದ ಗುಣಿಸಿದರೆ ಚಲನ ಶಕ್ತಿಯಲ್ಲಿ ಆದ ಬದಲಾವಣೆ ಸಿಗುತ್ತದೆ. ಎರಡೂ ಹುಟ್ಟಿದ್ದು ನ್ಯೂಟನ್ನನ ಎರಡನೇ ನಿಯಮದಿಂದಲೇ.

ಒಂದು ಬೈಕು, ಎರಡು ಉತ್ತರ

ಒಣಗಿದ ಡಾಂಬರು ರಸ್ತೆ, ಟೈರಿಗೂ ರಸ್ತೆಗೂ ನಡುವಿನ ಘರ್ಷಣಾ ಗುಣಾಂಕ 0.7 ಅಂದುಕೊಳ್ಳಿ. ಬೈಕು ಗಂಟೆಗೆ 40 ಕಿ.ಮೀ. ವೇಗದಲ್ಲಿ, ಅಂದರೆ ಸೆಕೆಂಡಿಗೆ 11.1 ಮೀಟರ್ ವೇಗದಲ್ಲಿ ಹೋಗುತ್ತಿದೆ. ಪೂರ್ತಿ ಬ್ರೇಕ್ ಹಾಕಿದರೆ ಸೆಕೆಂಡಿಗೆ ಸುಮಾರು 6.9 ಮೀಟರಿನಷ್ಟು ವೇಗ ಇಳಿಯುತ್ತಾ ಹೋಗುತ್ತದೆ. ನಿಲ್ಲುವುದಕ್ಕೆ 1.6 ಸೆಕೆಂಡ್ ಬೇಕು, 9 ಮೀಟರ್ ಜಾಗ ಬೇಕು.

ಈಗ ಅದೇ ಬೈಕು 80ರಲ್ಲಿ ಹೋಗಲಿ. ನಿಲ್ಲುವುದಕ್ಕೆ 3.2 ಸೆಕೆಂಡ್ ಸಾಕು. ಜಾಗ ಮಾತ್ರ 36 ಮೀಟರ್ ಬೇಕು! ವೇಗ ಎರಡು ಪಟ್ಟಾದರೆ ಕಾಲ ಎರಡು ಪಟ್ಟಾಯಿತು, ದೂರ ನಾಲ್ಕು ಪಟ್ಟಾಯಿತು. ಕಾಲ ಸಂವೇಗದ ಹಿಂದೆ ಹೋಯಿತು, ದೂರ ಶಕ್ತಿಯ ಹಿಂದೆ ಹೋಯಿತು. ಬ್ರೇಕ್ ಒತ್ತಬೇಕು ಅಂತ ಹೊಳೆಯುವುದಕ್ಕೇ ಒಂದು ಸೆಕೆಂಡ್ ತಡವಾದರೆ ಇನ್ನೂ 22 ಮೀಟರ್ ಸೇರುತ್ತದೆ. ಬೈಕ್ ಕಲಿಯುವ ಪ್ರತಿ ಹುಡುಗ, ಹುಡುಗಿಗೂ ಈ ಲೆಕ್ಕ ಗೊತ್ತಿರಬೇಕು ಅಂತ ನನಗೆ ಅನಿಸುತ್ತದೆ. ಕಣ್ಣಿಗೆ ಕಾಣುವುದು ಸ್ಪೀಡೋಮೀಟರಿನ ಅಂಕಿ, ರಸ್ತೆಗೆ ಬೇಕಾಗುವುದು ಅದರ ವರ್ಗ.

ನಿಜ ಹೇಳಬೇಕೆಂದರೆ ಇದೇ ವಿಷಯದ ಮೇಲೆ ಯುರೋಪಿನಲ್ಲಿ ಐವತ್ತು ವರ್ಷಕ್ಕೂ ಹೆಚ್ಚು ಜಗಳ ನಡೆದಿದೆ. ಓಡುವ ವಸ್ತುವಿನ 'ಕಸುವು' ಅಳೆಯುವುದು ಹೇಗೆ? ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿ ಅಂದವರು ಫ್ರಾನ್ಸಿನ ತತ್ವಜ್ಞಾನಿ ದೆಕಾರ್ತ್‌ನ ಕಡೆಯವರು. 1686ರಲ್ಲಿ ಜರ್ಮನಿಯ ಗಣಿತಜ್ಞ ಲೈಬ್ನಿಟ್ಸ್ ಅದನ್ನು ಒಪ್ಪಲಿಲ್ಲ. ಅವನ ವಾದ ಹೀಗಿತ್ತು: 1 ಸೇರಿನ ಭಾರವನ್ನು 4 ಮೊಳ ಎತ್ತುವುದೂ, 4 ಸೇರಿನ ಭಾರವನ್ನು 1 ಮೊಳ ಎತ್ತುವುದೂ ಸಮ. (ಸೇರು, ಮೊಳ ನಾನು ಹಾಕಿದ್ದು, ವಾದ ಅವನದೇ.) ಎರಡನ್ನೂ ಬೀಳಲು ಬಿಟ್ಟರೆ ನಾಲ್ಕು ಪಟ್ಟು ಎತ್ತರದಿಂದ ಬಿದ್ದದ್ದು ಎರಡು ಪಟ್ಟು ವೇಗ ಮಾತ್ರ ಪಡೆಯುತ್ತದೆ. ಬರೀ ವೇಗದಿಂದ ಗುಣಿಸಿದರೆ 2 ಮತ್ತು 4 ಬರುತ್ತದೆ, ಸಮ ಆಗುವುದಿಲ್ಲ. ವೇಗದ ವರ್ಗದಿಂದ ಗುಣಿಸಿದರೆ ಎರಡೂ ಕಡೆ 4.

ಆಮೇಲೆ 1720ರ ದಶಕದಲ್ಲಿ ಹಾಲೆಂಡಿನ ಲೈಡನ್ ಊರಿನ ವಿಜ್ಞಾನಿ ಗ್ರಾವೆಸಾಂಡೆ ಹಿತ್ತಾಳೆಯ ಚೆಂಡುಗಳನ್ನು ಮೆತ್ತನೆಯ ಜೇಡಿಮಣ್ಣಿನ ಮೇಲೆ ಬೀಳಿಸಿ ನೋಡಿದ. ಮಣ್ಣಿನಲ್ಲಿ ಆದ ಗುಳಿ ವೇಗದ ವರ್ಗವನ್ನೇ ಅನುಸರಿಸಿತು. ಫ್ರಾನ್ಸಿನ ಎಮಿಲಿ ದು ಶಾತ್ಲೆ 1740ರಲ್ಲಿ ಲೈಬ್ನಿಟ್ಸ್‌ನ ಪರ ಗಟ್ಟಿಯಾಗಿ ನಿಂತಳು. ನ್ಯೂಟನ್ನನ ಮಹಾಗ್ರಂಥವನ್ನು ಫ್ರೆಂಚಿಗೆ ತಂದವಳೂ ಅವಳೇ. ಇಬ್ಬರಲ್ಲಿ ಒಬ್ಬರನ್ನು ಬಿಡಬೇಕು ಅಂತ ಅವಳಿಗೆ ಅನಿಸಲಿಲ್ಲ ಅನ್ನುವುದು ನನಗೆ ತುಂಬ ಹಿಡಿಸಿದ ಸಂಗತಿ. ಆ 'ಅರ್ಧ' ಸೇರಿ ಇವತ್ತಿನ ರೂಪದ ಸೂತ್ರ ಬಂದಿದ್ದು 1829ರಲ್ಲಿ, ಫ್ರಾನ್ಸಿನ ವಿಜ್ಞಾನಿ ಕೊರಿಯೋಲಿಸ್ 'ಕೆಲಸ'ವನ್ನು ಬಲ ಮತ್ತು ದೂರದ ಗುಣಲಬ್ಧ ಅಂತ ಹೇಳಿದಾಗ. ಇಷ್ಟು ದೊಡ್ಡವರೇ ಇಷ್ಟು ಕಾಲ ಜಗಳವಾಡಿದ ವಿಷಯದಲ್ಲಿ ಹದಿನಾರರ ಮಗುವಿಗೆ ಗೊಂದಲ ಆದರೆ ತಪ್ಪೇನಿಲ್ಲ ಅಲ್ವಾ?

ಬಲದ ದಾರಿ

ವೇಗೋತ್ಕರ್ಷ (ಸೆಕೆಂಡಿಗೆ ವೇಗ ಎಷ್ಟು ಬದಲಾಗುತ್ತದೆ ಅನ್ನುವುದು) ಕೇಳಿದರೆ, ಹಗ್ಗದ ಎಳೆತ ಕೇಳಿದರೆ, ನೆಲ ವಸ್ತುವನ್ನು ಎಷ್ಟು ಬಲದಿಂದ ಒತ್ತುತ್ತದೆ ಅಂತ ಕೇಳಿದರೆ ಬೇರೆ ಯೋಚನೆ ಬೇಡ, ಇದೇ ದಾರಿ. ಚಿತ್ರ ಬರೆಯಿರಿ, ವಸ್ತುವಿನ ಮೇಲಿರುವ ಬಲಗಳನ್ನೆಲ್ಲ ಬಾಣದಲ್ಲಿ ಗುರುತು ಮಾಡಿ, ಎರಡು ದಿಕ್ಕಿಗೆ ಒಡೆಯಿರಿ.

ರಾಟೆಯ ಲೆಕ್ಕ ಇದಕ್ಕೆ ಹೇಳಿಮಾಡಿಸಿದ್ದು. ಒಂದು ಕಡೆ 3 ಕೆ.ಜಿ., ಇನ್ನೊಂದು ಕಡೆ 2 ಕೆ.ಜಿ. ತೂಗುಬಿಟ್ಟಿದ್ದೀರಿ. ಹಗ್ಗಕ್ಕೂ ರಾಟೆಗೂ ತೂಕವಿಲ್ಲ ಅಂದುಕೊಳ್ಳಿ. ವೇಗೋತ್ಕರ್ಷ ಗುರುತ್ವದ 9.8ರಲ್ಲಿ ಐದನೇ ಒಂದು ಭಾಗ, ಅಂದರೆ 1.96. ಹಗ್ಗದ ಎಳೆತ 23.5 ನ್ಯೂಟನ್. ಎರಡೂ ತೂಕಗಳನ್ನು ಒಟ್ಟಿಗೆ ಇಟ್ಟು ಶಕ್ತಿಯ ಲೆಕ್ಕ ಮಾಡಿದರೆ ವೇಗ ಬರುತ್ತದೆ, ಹಗ್ಗದ ಎಳೆತ ಬರುವುದಿಲ್ಲ. ಹಗ್ಗ ಒಂದು ಕಡೆ ಮಾಡಿದ ಕೆಲಸ ಇನ್ನೊಂದು ಕಡೆ ಕಳೆದುಹೋಗುತ್ತದೆ, ಹಾಗಾಗಿ ಅದು ಸಮೀಕರಣದಿಂದಲೇ ಮಾಯ.

ಈ ದಾರಿಯ ತೊಂದರೆ ಏನೆಂದರೆ, ಬಲ ಕ್ಷಣಕ್ಷಣಕ್ಕೂ ಬದಲಾದರೆ ಕೈ ಸೋಲುತ್ತದೆ. 30 ಡಿಗ್ರಿಯ ನುಣುಪಾದ ಇಳಿಜಾರು, ಉದ್ದ 2 ಮೀಟರ್. ಮೇಲಿಂದ ಸುಮ್ನೆ ಬಿಟ್ಟ ಮರದ ತುಂಡು ಸೆಕೆಂಡಿಗೆ 4.43 ಮೀಟರ್ ವೇಗದಲ್ಲಿ ಕೆಳಗೆ ಬರುತ್ತದೆ, 0.9 ಸೆಕೆಂಡ್ ಹಿಡಿಯುತ್ತದೆ. ಇಷ್ಟರವರೆಗೆ ಬಲದ ದಾರಿ ಸುಲಭ. ನೇರ ಇಳಿಜಾರಿನ ಬದಲು ಪಾರ್ಕಿನ ಜಾರುಬಂಡೆಯ ಹಾಗೆ ಡೊಂಕಾಗಿದ್ದರೆ? ಪ್ರತಿ ಬಿಂದುವಿನಲ್ಲೂ ಕೋನ ಬೇರೆ, ಬಲ ಬೇರೆ. ಅಲ್ಲಿ ಬಲದ ದಾರಿ ಹಿಡಿದವರು ಎರಡು ಪುಟ ಬರೆದೂ ಮುಗಿಸುವುದಿಲ್ಲ.

ಶಕ್ತಿಯ ದಾರಿ

ಅದೇ ಡೊಂಕು ಜಾರುಬಂಡೆಗೆ ಶಕ್ತಿಯ ದಾರಿಯಲ್ಲಿ ಒಂದೇ ಸಾಲು. ಘರ್ಷಣೆ ಇಲ್ಲ, ಎತ್ತರ 1 ಮೀಟರ್ ಅಂದರೆ ವೇಗ 4.43. ನಡುವೆ ಎಷ್ಟು ಡೊಂಕಿದ್ದರೂ ಪರವಾಗಿಲ್ಲ. 'ಮೊದಲು ಎಲ್ಲಿತ್ತು, ಕೊನೆಗೆ ಎಲ್ಲಿ ಬಂತು' ಇಷ್ಟೇ ಸಾಕು ಅನ್ನುವುದು ಈ ದಾರಿಯ ದೊಡ್ಡ ಸುಖ. ಸ್ಪ್ರಿಂಗ್ ಇದ್ದ ಕಡೆಯೂ ಇದೇ ಒಳ್ಳೆಯದು. ಎಳೆದಷ್ಟೂ ಬಲ ಹೆಚ್ಚುತ್ತದೆ, ಅದರ ಹಿಂದೆ ಓಡುವ ಬದಲು ಒಳಗೆ ಕೂತ ಶಕ್ತಿಯನ್ನು ಒಂದೇ ಸಲ ಬರೆದುಬಿಡಬಹುದು.

ಘರ್ಷಣೆ ಇದ್ದರೆ ಶಕ್ತಿಯ ದಾರಿ ಮುಚ್ಚಿಹೋಯಿತು ಅಂತ ಹಲವರು ತಿಳಿದಿದ್ದಾರೆ. ಹಾಗೇನಿಲ್ಲ. ಮೇಲಿನ ನೇರ ಇಳಿಜಾರಿನಲ್ಲೇ ಘರ್ಷಣಾ ಗುಣಾಂಕ 0.2 ಇರಲಿ. ಪ್ರತಿ ಕೆ.ಜಿ.ಗೆ 9.8 ಜೂಲ್ ಪ್ರಚ್ಛನ್ನ ಶಕ್ತಿ ಇತ್ತು. ಘರ್ಷಣೆ 2 ಮೀಟರ್ ಉದ್ದಕ್ಕೂ ಸೇರಿ 3.4 ಜೂಲ್ ತಿಂದಿತು. ಉಳಿದ 6.4 ಜೂಲ್‌ನಿಂದ ವೇಗ 3.6 ಬರುತ್ತದೆ. ಘರ್ಷಣೆ ತಿಂದದ್ದನ್ನು ಖರ್ಚಿನ ಕಡೆ ಬರೆದರೆ ಆಯಿತು.

ಖರ್ಚು ಬರೆಯುವುದನ್ನು ಮರೆತರೆ ಏನಾಗುತ್ತದೆ ಅನ್ನುವುದಕ್ಕೆ ಜೋಗ ಒಳ್ಳೆಯ ಪಾಠ. ರಾಜಾ ಜಲಪಾತದ ಎತ್ತರ 253 ಮೀಟರ್. ಬರೀ ಶಕ್ತಿ ಸಂರಕ್ಷಣೆ ಹಾಕಿದರೆ ನೀರು ಸೆಕೆಂಡಿಗೆ 70 ಮೀಟರ್ ವೇಗದಲ್ಲಿ, ಗಂಟೆಗೆ 250 ಕಿ.ಮೀ. ಲೆಕ್ಕದಲ್ಲಿ ಕೆಳಗೆ ಬಡಿಯಬೇಕು. ಗಾಳಿ ಅದಕ್ಕೆ ಬಿಡುವುದಿಲ್ಲ. ನೀರು ಒಡೆದು ಹನಿಯಾಗಿ, ತುಂತುರಾಗಿ, ಹೊಗೆಯ ಹಾಗೆ ಇಳಿಯುವುದನ್ನು ನೋಡಿದವರಿಗೆ ಇದು ಗೊತ್ತು. ಹಾಗಾದರೆ ಆ ಶಕ್ತಿ ಎಲ್ಲಿ ಹೋಯಿತು? ದಾರಿಯಲ್ಲಿ ಸ್ವಲ್ಪ, ಕೆಳಗೆ ಬಂಡೆಗೆ ಬಡಿದಾಗ ಸ್ವಲ್ಪ, ಕೊನೆಗೆ ಹೆಚ್ಚುಕಡಿಮೆ ಎಲ್ಲವೂ ಶಾಖವಾಗುತ್ತದೆ. ಅಷ್ಟೂ ನೀರಿನಲ್ಲೇ ಉಳಿದರೆ ನೀರಿನ ಉಷ್ಣತೆ 0.6 ಡಿಗ್ರಿ ಏರುತ್ತದೆ, ಅಷ್ಟೇ. 253 ಮೀಟರ್ ಬಿದ್ದ ನೀರಿಗೆ ಸಿಕ್ಕಿದ್ದು ಒಂದು ಡಿಗ್ರಿಯೂ ಇಲ್ಲ! ಶಾಖ ಅನ್ನುವುದು ಎಷ್ಟು ಶಕ್ತಿಯನ್ನು ಸದ್ದಿಲ್ಲದೆ ಒಳಗೆ ಹಾಕಿಕೊಳ್ಳುತ್ತದೆ ನೋಡಿ.

ಶಕ್ತಿಗೆ ದಿಕ್ಕು ಇಲ್ಲ ಅನ್ನುವುದು ನೆನಪಿರಲಿ. ವೇಗ ಎಷ್ಟು ಅಂತ ಅದು ಹೇಳುತ್ತದೆ, ಯಾವ ಕಡೆಗೆ ಅಂತ ಹೇಳುವುದಿಲ್ಲ. ಎಷ್ಟು ಹೊತ್ತಾಯಿತು ಅಂತಲೂ ಹೇಳುವುದಿಲ್ಲ. ಪ್ರಶ್ನೆಯಲ್ಲಿ 'ಎಷ್ಟು ಸೆಕೆಂಡ್' ಅಂತ ಕಂಡರೆ ಶಕ್ತಿಯೊಂದರಿಂದಲೇ ಕೆಲಸ ಮುಗಿಯುವುದಿಲ್ಲ.

ಸಂವೇಗದ ದಾರಿ

ಎರಡು ವಸ್ತುಗಳು ಬಡಿದುಕೊಂಡವು, ಅಂಟಿಕೊಂಡವು, ಒಡೆದವು, ಒಂದು ಇನ್ನೊಂದನ್ನು ತಳ್ಳಿತು. ಇಂಥ ಮಾತು ಕಂಡ ತಕ್ಷಣ ಸಂವೇಗ ನೆನಪಾಗಬೇಕು. ಬಡಿದುಕೊಂಡ ಆ ಚೂರು ಹೊತ್ತಿನಲ್ಲಿ ಬಲ ಎಷ್ಟಿತ್ತು, ಹೇಗೆ ಏರಿ ಇಳಿಯಿತು ಅಂತ ಯಾರಿಗೂ ಗೊತ್ತಿರುವುದಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ. ಒಂದರ ಮೇಲೆ ಆದ ಬಲಕ್ಕೆ ಸಮನಾದ ಎದುರು ಬಲ ಇನ್ನೊಂದರ ಮೇಲೆ ಅಷ್ಟೇ ಹೊತ್ತು ಇರುತ್ತದೆ. ಒಬ್ಬರು ಕಳೆದುಕೊಂಡ ಸಂವೇಗ ಇನ್ನೊಬ್ಬರಿಗೆ ಸಿಕ್ಕಿರುತ್ತದೆ.

ಹಂಪಿಯಲ್ಲಿ ತೆಪ್ಪದಿಂದ ದಡಕ್ಕೆ ಹಾರಿದವರಿಗೆ ಇದು ಮೈಯಲ್ಲೇ ಗೊತ್ತು. 60 ಕೆ.ಜಿ. ತೂಕದವರು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಮುಂದೆ ಹಾರಿದರೆ 40 ಕೆ.ಜಿ.ಯ ತೆಪ್ಪ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹಿಂದೆ ಸರಿಯುತ್ತದೆ.

ಕೇರಂ ಬೋರ್ಡಿನಲ್ಲಿ ಇನ್ನೂ ಚೆನ್ನಾಗಿ ನೋಡಬಹುದು. ಸ್ಟ್ರೈಕರ್ 15 ಗ್ರಾಂ ಮೀರುವಂತಿಲ್ಲ, ಕಾಯಿನ್ ಸುಮಾರು 5 ಗ್ರಾಂ. ಸೆಕೆಂಡಿಗೆ 2 ಮೀಟರ್ ವೇಗದ ಸ್ಟ್ರೈಕರ್ ನಿಂತ ಕಾಯಿನ್‌ಗೆ ನೇರ ಬಡಿಯಿತು ಅನ್ನಿ. ಸಂವೇಗದ ಸಮೀಕರಣ ಒಂದೇ, ಗೊತ್ತಿಲ್ಲದ ವೇಗ ಎರಡು. ಇಲ್ಲಿ ಸಂವೇಗ ಒಂದರಿಂದ ಉತ್ತರ ಬರುವುದಿಲ್ಲ, ಶಕ್ತಿಯ ಸಮೀಕರಣವನ್ನೂ ಜೊತೆಗೆ ಕರೆಯಬೇಕು. ಶಕ್ತಿ ಸ್ವಲ್ಪವೂ ಸೋರದಿದ್ದರೆ ಸ್ಟ್ರೈಕರ್ 1 ಮೀಟರ್ ವೇಗಕ್ಕೆ ಇಳಿಯುತ್ತದೆ, ಕಾಯಿನ್ 3 ಮೀಟರ್ ವೇಗದಲ್ಲಿ ಹಾರುತ್ತದೆ. ನಿಜದ ಬೋರ್ಡಿನಲ್ಲಿ 'ಟಕ್' ಅನ್ನುವ ಸದ್ದಿಗೂ ಶಾಖಕ್ಕೂ ಸ್ವಲ್ಪ ಹೋಗುತ್ತದೆ, ಹಾಗಾಗಿ ಕಾಯಿನ್‌ನ ವೇಗ ಮೂರಕ್ಕಿಂತ ಸ್ವಲ್ಪ ಕಡಿಮೆ.

ಕಾಲ ಕೊಟ್ಟ ಲೆಕ್ಕಗಳೂ ಇದರ ಮನೆಯವೇ. 160 ಗ್ರಾಂ ಕ್ರಿಕೆಟ್ ಚೆಂಡು ಗಂಟೆಗೆ 140 ಕಿ.ಮೀ. ವೇಗದಲ್ಲಿ ಬಂದರೆ ಅದರ ಸಂವೇಗ ಸುಮಾರು 6.2. ಕೈ ಬಿಗಿ ಹಿಡಿದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ನಿಲ್ಲಿಸಿದರೆ ಅಂಗೈಗೆ ಸರಾಸರಿ 620 ನ್ಯೂಟನ್, ಹೆಚ್ಚುಕಡಿಮೆ ಒಬ್ಬ ದೊಡ್ಡ ಮನುಷ್ಯನ ತೂಕ. ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾ ಹತ್ತನೇ ಒಂದು ಸೆಕೆಂಡಿನಲ್ಲಿ ಹಿಡಿದರೆ 62 ನ್ಯೂಟನ್.

ಸಂವೇಗ ಉಳಿಯಬೇಕಾದರೆ ಹೊರಗಿನ ಬಲ ಇರಬಾರದು ಅಥವಾ ಬಡಿತದ ಕಾಲ ತೀರಾ ಚಿಕ್ಕದಿರಬೇಕು. ಒಂದು ದಿಕ್ಕಿನಲ್ಲಿ ಉಳಿದು ಇನ್ನೊಂದು ದಿಕ್ಕಿನಲ್ಲಿ ಉಳಿಯದಿರುವುದೂ ಉಂಟು. ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹೋಗುತ್ತಿರುವ 200 ಕೆ.ಜಿ. ಟ್ರಾಲಿಗೆ ಮೇಲಿಂದ ನೇರವಾಗಿ 100 ಕೆ.ಜಿ. ಮೂಟೆ ಬಿತ್ತು. ಮೇಲೆ-ಕೆಳಗಿನ ದಿಕ್ಕಿನಲ್ಲಿ ನೆಲ ತಡೆಯುತ್ತದೆ, ಅಲ್ಲಿ ಸಂವೇಗ ಉಳಿಯಲಿಲ್ಲ. ಅಡ್ಡ ದಿಕ್ಕಿನಲ್ಲಿ ಯಾರೂ ತಡೆಯಲಿಲ್ಲ, ಹಾಗಾಗಿ ವೇಗ 2ಕ್ಕೆ ಇಳಿಯಿತು. ಟ್ರಾಲಿಯ 900 ಜೂಲ್ ಚಲನ ಶಕ್ತಿ ಮಾತ್ರ ಮೂಟೆಯೂ ಸೇರಿ 600ಕ್ಕೆ ಬಂತು. ಅಂಟಿಕೊಳ್ಳುವ ಯಾವ ಬಡಿತದಲ್ಲೂ ಹೀಗೆ ಚಲನ ಶಕ್ತಿ ಸೋರಿಯೇ ಸೋರುತ್ತದೆ.

ಎರಡು ದಾರಿ ಒಂದರ ಹಿಂದೆ ಒಂದು

ಇಡೀ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಲೆಕ್ಕ ಇದು. ಬಂದೂಕಿನ ಗುಂಡಿನ ವೇಗ ಅಳೆಯುವುದಕ್ಕೆ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ 1742ರಲ್ಲಿ ಒಂದು ಉಪಾಯ ಪ್ರಕಟಿಸಿದ. ತೂಗುಬಿಟ್ಟ ಭಾರವಾದ ಮರದ ದಿಮ್ಮಿಗೆ ಗುಂಡು ಹೊಡೆಯುವುದು. ಗುಂಡು ಒಳಗೆ ಸಿಕ್ಕಿಕೊಳ್ಳುತ್ತದೆ, ದಿಮ್ಮಿ ತೂಗುತ್ತದೆ. ಎಷ್ಟು ತೂಗಿತು ಅಂತ ಅಳೆದರೆ ಗುಂಡಿನ ವೇಗ ಸಿಗುತ್ತದೆ. ಕಣ್ಣಿಗೆ ಕಾಣದಷ್ಟು ಜೋರಾಗಿ ಹೋಗುವ ವಸ್ತುವನ್ನು ನಿಧಾನವಾಗಿ ತೂಗುವ ಮರದಿಂದ ಅಳೆದ ಜಾಣತನ ಅದು.

ಗುಂಡು 10 ಗ್ರಾಂ, ಗುಂಡೂ ದಿಮ್ಮಿಯೂ ಸೇರಿ 2 ಕೆ.ಜಿ., ಎದ್ದ ಎತ್ತರ 5 ಸೆಂಟಿಮೀಟರ್ ಇರಲಿ. ತುಂಬ ಮಕ್ಕಳು ಗುಂಡಿನ ಚಲನ ಶಕ್ತಿಯನ್ನು ನೇರವಾಗಿ ದಿಮ್ಮಿಯ ಎತ್ತರಕ್ಕೆ ಸಮ ಮಾಡಿಬಿಡುತ್ತಾರೆ. ಆಗ ವೇಗ ಸೆಕೆಂಡಿಗೆ 14 ಮೀಟರ್ ಬರುತ್ತದೆ. ಕವಣೆಗಲ್ಲು ಕೂಡ ಅದಕ್ಕಿಂತ ಜೋರಾಗಿ ಹೋಗುತ್ತದೆ. ಸರಿಯಾದ ಕ್ರಮ ಕೊನೆಯಿಂದ ಮೊದಲಿಗೆ ಬರುವುದು. ತೂಗುವಾಗ ಶಕ್ತಿ ಸೋರುವುದಿಲ್ಲ, ಅಲ್ಲಿ ಶಕ್ತಿಯ ದಾರಿ: 5 ಸೆಂಟಿಮೀಟರ್ ಏರಬೇಕಾದರೆ ದಿಮ್ಮಿಯ ವೇಗ 0.99 ಇರಬೇಕು. ಗುಂಡು ಒಳಹೊಕ್ಕ ಕ್ಷಣದಲ್ಲಿ ಶಕ್ತಿ ಸೋರುತ್ತದೆ, ಸಂವೇಗ ಉಳಿಯುತ್ತದೆ, ಅಲ್ಲಿ ಸಂವೇಗದ ದಾರಿ: ಗುಂಡಿನ ವೇಗ 0.99ರ 200 ಪಟ್ಟು, ಅಂದರೆ 198 ಮೀಟರ್.

ಈಗ ಶಕ್ತಿ ಎಷ್ಟು ಸೋರಿತು ನೋಡಿ. ಗುಂಡಿನಲ್ಲಿದ್ದದ್ದು 196 ಜೂಲ್. ದಿಮ್ಮಿ ತೂಗುವುದಕ್ಕೆ ಸಿಕ್ಕಿದ್ದು ಒಂದು ಜೂಲ್‌ಗೂ ಕಡಿಮೆ. ನೂರಕ್ಕೆ 99.5 ಭಾಗ ಮರವನ್ನು ಸೀಳುವುದಕ್ಕೆ, ಬಿಸಿ ಮಾಡುವುದಕ್ಕೆ ಹೋಯಿತು. ಸಂವೇಗ ಮಾತ್ರ ಪೂರ್ತಿ ದಾಟಿತು. ಯಾವ ಘಟ್ಟದಲ್ಲಿ ಏನು ಉಳಿಯುತ್ತದೆ ಅಂತ ಕೇಳಿಕೊಳ್ಳದೆ ಸೂತ್ರ ಹಾಕಬಾರದು ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಸಿಕ್ಕಿಲ್ಲ.

ಶಕ್ತಿ ಮತ್ತು ಬಲ ಜೊತೆಯಾಗುವುದು ವೃತ್ತದ ಚಲನೆಯಲ್ಲಿ. ನಾಗರ ಪಂಚಮಿಗೆ ಉತ್ತರ ಕರ್ನಾಟಕದ ಊರುಗಳಲ್ಲಿ ಮರಕ್ಕೆ ಜೋಕಾಲಿ ಕಟ್ಟುತ್ತಾರಲ್ಲ, ಅದನ್ನೇ ತೆಗೆದುಕೊಳ್ಳಿ. ಜೋಕಾಲಿ 60 ಡಿಗ್ರಿಯವರೆಗೆ ಏರಿ ಇಳಿದರೆ ಕೆಳಗಿನ ಬಿಂದುವಿನಲ್ಲಿ ಹಗ್ಗಕ್ಕೆ ಎಷ್ಟು ಎಳೆತ? ವೇಗವನ್ನು ಶಕ್ತಿಯಿಂದ ತೆಗೆಯಿರಿ, ಎಳೆತವನ್ನು ಬಲದಿಂದ ತೆಗೆಯಿರಿ. ಉತ್ತರ ತೂಗುವವರ ತೂಕದ ಎರಡು ಪಟ್ಟು. ಹಗ್ಗ ನೆಲಕ್ಕೆ ಸಮಾನಾಂತರ ಆಗುವಷ್ಟು ಏರಿದರೆ ಮೂರು ಪಟ್ಟು. ಹಗ್ಗ ಎಷ್ಟೇ ಉದ್ದ ಇರಲಿ, ಈ ಪಟ್ಟು ಬದಲಾಗುವುದಿಲ್ಲ. 60 ಕೆ.ಜಿ.ಯವರಿಗೆ 180 ಕೆ.ಜಿ. ತಡೆಯುವ ಹಗ್ಗವೂ ಕೊಂಬೆಯೂ ಬೇಕು, ಇಬ್ಬರು ನಿಂತರೆ ಅದರ ಎರಡರಷ್ಟು.

ಆಯ್ಕೆ ಮಾಡಿದ ಮೇಲೂ ಎಡವುವ ಜಾಗ

ಸಂವೇಗಕ್ಕೆ ದಿಕ್ಕಿದೆ ಅನ್ನುವುದನ್ನು ಚಿಹ್ನೆಯಲ್ಲಿ ತೋರಿಸಬೇಕು. ಗೋಡೆಗೆ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬಡಿದ ಚೆಂಡು ಅದೇ ವೇಗದಲ್ಲಿ ವಾಪಸ್ ಬಂದರೆ ಚಲನ ಶಕ್ತಿಯ ಬದಲಾವಣೆ ಸೊನ್ನೆ. ಸಂವೇಗದ ಬದಲಾವಣೆ ಸೊನ್ನೆಯಲ್ಲ, ಮೊದಲಿದ್ದ ಸಂವೇಗದ ಎರಡು ಪಟ್ಟು. ಐದರಲ್ಲಿ ಐದು ಕಳೆದು ಸೊನ್ನೆ ಅಂತ ಬರೆಯುವುದು ತೀರಾ ಸಾಮಾನ್ಯ ತಪ್ಪು.

ಇನ್ನೊಂದು ಉರುಳುವ ವಸ್ತುಗಳದ್ದು. ಎತ್ತರ 1 ಮೀಟರ್ ಅಂದ ಕೂಡಲೇ 4.43 ಬರೆಯಬೇಡಿ. ಅದು ಜಾರುವ ವಸ್ತುವಿಗೆ ಮಾತ್ರ. ಜಾರದೆ ಉರುಳುವ ಗಟ್ಟಿ ಗೋಲಿಯಲ್ಲಿ ಶಕ್ತಿಯ ಒಂದು ಪಾಲು ಸುತ್ತುವುದಕ್ಕೆ ಹೋಗುತ್ತದೆ, ಕೆಳಗೆ ಬಂದಾಗ ಅದರ ವೇಗ 3.74. ಬಳೆಯ ದ್ರವ್ಯರಾಶಿ ಎಲ್ಲವೂ ಅಂಚಿನಲ್ಲೇ ಇದೆ, ಸುತ್ತುವುದಕ್ಕೆ ಇನ್ನೂ ಜಾಸ್ತಿ ಪಾಲು ಬೇಕು, ವೇಗ 3.13. ಇಲ್ಲಿ ಘರ್ಷಣೆ ಇದ್ದರೂ ಖರ್ಚಿನ ಕಡೆ ಬರೆಯುವುದಿಲ್ಲ. ತಗುಲಿದ ಬಿಂದು ಜಾರುವುದೇ ಇಲ್ಲವಾದ್ದರಿಂದ ಘರ್ಷಣೆ ಶಕ್ತಿ ತಿನ್ನುವುದಿಲ್ಲ, ಬರೀ ತಿರುಗಿಸುತ್ತದೆ. ದ್ರವ್ಯರಾಶಿಯಾಗಲಿ ಅಳತೆಯಾಗಲಿ ಉತ್ತರದಲ್ಲಿ ಬರುವುದೇ ಇಲ್ಲ. ಮನೆಯಲ್ಲಿ ಒಂದು ಹಲಗೆಯನ್ನು ಸ್ವಲ್ಪ ಓರೆ ಮಾಡಿ, ಗೋಲಿಯನ್ನೂ ಬಳೆಯನ್ನೂ ಒಂದೇ ಗೆರೆಯಿಂದ ಒಟ್ಟಿಗೆ ಬಿಟ್ಟು ನೋಡಿ. ಚಿಕ್ಕ ಗೋಲಿ ತಂದರೂ ದೊಡ್ಡ ಗೋಲಿ ತಂದರೂ ಬಳೆಗಿಂತ ಮುಂಚೆ ಕೆಳಗೆ ಬರುವುದು ಗೋಲಿಯೇ.